ತೋಟಾ ಕೆಲಸ

“ಎಲ್ಲಿಗೆ ಹೊರಟಿರಿ?” ಎಂದು ನನ್ನಾಕೆ ಕೇಳಿದಳು.

“ಪಕ್ಕದ ಮನೆಗೆ. ತೋಟಾ ಕೆಲಸಕ್ಕೆ” ಎಂದೆ.

“ಬಗ್ಗಿ ಮಣ್ಣುಗಿಣ್ಣು ಅಗೆಯಬೇಡಿ, ಸೊಂಟ ಹಿಡಿದೀತು” ಎಂದು ಎಚ್ಚರಿಕೆ ಹೇಳಿ ಒಳಕ್ಕೆ ಹೋದಳು.

ನಾನು ಸುಳ್ಳು ಹೇಳಿರಲಿಲ್ಲ. ತೋಟವೆಂದರೆ ಹೂವಿನದು, ತೋಟಾ ಎಂದರೆ ಬಂದೂಕಿನದು. ಎರಡರ ನಡುವೆ ಇರುವುದು ಒಂದು ದೀರ್ಘ ಮಾತ್ರ. ಆ ದೀರ್ಘ ಆಕೆಯ ಕಿವಿಗೆ ಬೀಳದಿದ್ದರೆ ತಪ್ಪು ನನ್ನದಲ್ಲ ಎಂದು ಸಮಾಧಾನ ಹೇಳಿಕೊಂಡು ಒಂದು ವಾರ ಕಳೆದೆ. ಎಂಟನೆಯ ದಿನ ನನ್ನ ಅಂಗಿಯ ಜೇಬಿನಲ್ಲಿದ್ದ ಮೂರು ಹಿತ್ತಾಳೆಯ ಖಾಲಿ ತೋಟಾಗಳು ಬಟ್ಟೆ ಒಗೆಯುವ ಯಂತ್ರದಲ್ಲಿ ಗಡಗಡನೆ ಉರುಳಿ ಮನೆಯನ್ನೆಲ್ಲ ಎಬ್ಬಿಸಿದಾಗ ವ್ಯಾಕರಣ ನನ್ನ ಕೈಬಿಟ್ಟಿತು.

ಇದು ನಡೆದದ್ದು ೨೦೨೩ರ ಶರತ್ಕಾಲದಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೆಟ್ಟಸಾಲಿನ ಒಂದು ಸಣ್ಣ ಊರಿನಲ್ಲಿ. ಮಗಳು ಅಲ್ಲಿ ಕೆಲಸಕ್ಕಿದ್ದಾಳೆ. ನಮಗಿಬ್ಬರಿಗೂ ಹಸಿರು ಕಾರ್ಡು ಮಾಡಿಸಿಕೊಟ್ಟು, “ಇನ್ನು ಇಲ್ಲೇ ಇರಿ” ಎಂದು ಕರೆಸಿಕೊಂಡಿದ್ದಳು. ಇರುವುದೇನೋ ಇರಬಹುದು, ಇದ್ದು ಮಾಡುವುದೇನು? ಮೂವತ್ಮೂರು ವರ್ಷ ಬೆಂಗಳೂರಿನ ಒಂದು ಯಂತ್ರೋಪಕರಣ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೈಕ್ರೋಮೀಟರು ಹಿಡಿದವನು ನಾನು. ಆ ಊರಿನಲ್ಲಿ ನನಗೆ ಅಳೆಯಲು ಏನೂ ಇರಲಿಲ್ಲ. ಬೆಳಿಗ್ಗೆ ಒಂದು ವಾಕು, ಸಂಜೆ ಒಂದು ವಾಕು, ನಡುವೆ ಕಿಟಕಿಯಿಂದ ಎಲೆ ಉದುರುವುದನ್ನು ನೋಡುವುದು. ಎಲೆಗಳು ಬಹು ಸುಂದರವಾಗಿ ಉದುರುತ್ತಿದ್ದವು, ನಿಜ. ಆದರೆ ಒಬ್ಬ ಮನುಷ್ಯ ಎಷ್ಟು ಎಲೆ ನೋಡಬಲ್ಲ?

ಪಕ್ಕದ ಮನೆಯ ಮುದುಕ ನನಗಿಂತ ಏಳು ವರ್ಷ ಹಿರಿಯ, ಎಪ್ಪತ್ತೆಂಟು. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ. ಒಂದು ದಿನ ಆತ ತನ್ನ ನೆಲಮಾಳಿಗೆಯ ಬಾಗಿಲು ತೆರೆದಿಟ್ಟು ಏನನ್ನೋ ಉಜ್ಜುತ್ತ ಕುಳಿತಿದ್ದುದನ್ನು ನೋಡಿದೆ. ಕೈಯಲ್ಲಿ ವರ್ನಿಯರ್ ಕ್ಯಾಲಿಪರು. ಅದನ್ನು ಕಂಡ ಮೇಲೆ ನನ್ನ ಕಾಲು ನಿಲ್ಲಲಿಲ್ಲ. ಪರದೇಶದಲ್ಲಿ ಕನ್ನಡದ ಮಾತು ಕೇಳಿದವನಂತೆ ಬೇಲಿ ದಾಟಿ ಹೋದೆ.

ಆತ ಹಳೆಯ ತೋಟಾಗಳಿಗೆ ಪುನರ್ಜನ್ಮ ಕೊಡುತ್ತಿದ್ದ. ಇದರ ವಿಷಯ ನಮ್ಮ ಪೇಟೆಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲದಿರುವುದರಿಂದ ಎರಡು ಮಾತು ಹೇಳಬೇಕು. ರೈಫಲಿನ ತೋಟಾದಲ್ಲಿ ನಾಲ್ಕು ಭಾಗ: ಗುಂಡು, ಮದ್ದು, ಬುಡದ ಕೇಪು, ಇವೆಲ್ಲವನ್ನೂ ಹಿಡಿದುಕೊಂಡಿರುವ ಹಿತ್ತಾಳೆಯ ಚಿಪ್ಪು. ಕುದುರೆ ಎಳೆದೊಡನೆ ಮೊದಲ ಮೂರರ ಬಾಳು ಮುಗಿಯಿತು. ಚಿಪ್ಪು ಮಾತ್ರ ಉಳಿಯುತ್ತದೆ. ನೂರಕ್ಕೆ ೭೦ ಭಾಗ ತಾಮ್ರ, ೩೦ ಭಾಗ ಸತು ಸೇರಿದ ಒಳ್ಳೆಯ ಲೋಹ ಅದು. ತೋಟಾದ ನಾಲ್ಕು ಭಾಗಗಳಲ್ಲಿ ಬಹುಮಟ್ಟಿಗೆ ಅದೇ ದುಬಾರಿ. ಅದನ್ನು ಎಸೆಯಲು ಮನಸ್ಸು ಬಾರದವರು ಸರಿಪಡಿಸಿ, ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಬಳಸುತ್ತಾರೆ. ಅಮೆರಿಕದಲ್ಲಿ ಇದು ಗೃಹಕೈಗಾರಿಕೆ. ನಮ್ಮಲ್ಲಿ ಅಜ್ಜಿಯರು ಉಪ್ಪಿನಕಾಯಿ ಹಾಕಿದಷ್ಟೇ ಸಹಜ, ಅಷ್ಟೇ ಶ್ರದ್ಧೆಯದು.

ಮುದುಕನದು ‘ಥರ್ಟಿ-ಆಟ್-ಸಿಕ್ಸ್’ ಎಂಬ ತೋಟಾ. ಕೋವಿಯ ನಳಿಗೆಯ ಒಳ ಅಳತೆ ಅಂಗುಲದ ನೂರರಲ್ಲಿ ೩೦ ಭಾಗ, ಅಮೆರಿಕದ ಸೈನ್ಯ ಅದನ್ನು ಸ್ವೀಕರಿಸಿದ್ದು ೧೯೦೬ರಲ್ಲಿ, ಅದೇ ಹೆಸರಾಯಿತು. ಆ ಚಿಪ್ಪಿಗೆ ಮನುಷ್ಯನಂತೆ ಮೈ, ಹೆಗಲು, ಕೊರಳು, ಬಾಯಿ ಎಲ್ಲ ಉಂಟು. ಸಿಡಿದಾಗ ಒಳಗೆ ಚದರ ಅಂಗುಲಕ್ಕೆ ೬೦,೦೦೦ ಪೌಂಡಿನವರೆಗೂ ಒತ್ತಡ ಏರುತ್ತದೆ. ಮೋಟಾರು ಗಾಡಿಯ ಚಕ್ರದಲ್ಲಿ ನಾವು ತುಂಬಿಸುವುದು ಮೂವತ್ತು ಚಿಲ್ಲರೆ ಎಂದು ನೆನೆದರೆ ಇದು ಎಷ್ಟೆಂಬುದು ತಿಳಿದೀತು. ಆ ಒತ್ತಡಕ್ಕೆ ಚಿಪ್ಪು ಉಬ್ಬಿ, ಹಬ್ಬದ ಊಟ ಮಾಡಿದ ಗೃಹಸ್ಥನಂತೆ, ಕೋವಿಯ ಗೂಡಿನ ಗೋಡೆಗೆ ಒರಗಿಬಿಡುತ್ತದೆ. ಅದನ್ನು ಮತ್ತೆ ಹಳೆಯ ಅಳತೆಗೆ ತರಬೇಕು. ಒಂದು ಪ್ರೆಸ್ಸಿಗೆ ಉಕ್ಕಿನ ಡೈ ತಿರುಗಿಸಿ ಕೂಡಿಸಿ, ಚಿಪ್ಪಿಗೆ ಜಿಡ್ಡು ಸವರಿ, ಸನ್ನೆ ಒತ್ತಿ ಒಳಕ್ಕೆ ನೂಕಿ ತೆಗೆದರೆ ಮೈ ಇಳಿದು ಬರುತ್ತದೆ. ಆಮೇಲೆ ಉದ್ದ ಅಳೆಯುವುದು, ಬೆಳೆದಿದ್ದರೆ ಕತ್ತರಿಸುವುದು, ಬಾಯಿಯ ಅಂಚಿನ ಒರಟು ತೆಗೆಯುವುದು, ಕೇಪಿನ ಗುಂಡಿ ಕೆರೆಯುವುದು. ಇಷ್ಟೇ ಕೆಲಸ. ತಪ್ಪುಗಳು ಮಾತ್ರ ಕೆಲಸಕ್ಕಿಂತ ಹೆಚ್ಚು.

ಆ ಬೆಂಚಿನ ಮುಂದಿನ ಗೋಡೆಗೆ ಒಂದು ಮೊಳೆ. ಮೊಳೆಗೆ ಒಂದು ದಾರ. ದಾರದಲ್ಲಿ ಎರಡು ತುಂಡಾದ ಒಂದು ಚಿಪ್ಪು ತೂಗುತ್ತಿತ್ತು. ಏನೋ ಅಲಂಕಾರವಿರಬೇಕೆಂದು ನಾನು ಕೇಳಲಿಲ್ಲ.

ಮುದುಕನ ಮಗಳ ಮಗನಿಗೆ ಆ ವರ್ಷ ಹನ್ನೆರಡು ತುಂಬಿತ್ತು. ಪೆನ್ಸಿಲ್ವೇನಿಯಾದಲ್ಲಿ ಹನ್ನೆರಡಾದ ಹುಡುಗ ಬೇಟೆಯ ಪಾಠ ಓದಿ, ಪರೀಕ್ಷೆ ಮುಗಿಸಿ, ದೊಡ್ಡವರ ಜೊತೆಯಲ್ಲಿ ಪರವಾನಗಿಯೊಡನೆ ಕಾಡಿಗೆ ಹೋಗಬಹುದು. ನಮ್ಮಲ್ಲಿ ಉಪನಯನವಿದ್ದ ಹಾಗೆ ಎಂದು ನಾನು ಮನಸ್ಸಿನಲ್ಲೇ ಹೋಲಿಸಿಕೊಂಡೆ, ಮನೆಯಲ್ಲಿ ಹೇಳಲಿಲ್ಲ. ಕೊಡಗಿನವರಿಗೆ ಹೇಳಿದ್ದರೆ ನಕ್ಕು, ಇದರಲ್ಲೇನು ವಿಶೇಷ ಎಂದಾರು. ಅವರಲ್ಲಿ ಕೈಲ್ ಪೊಳ್ದಿನ ದಿನ ಕೋವಿಗೆ ಹೂವೇರಿಸಿ ಪೂಜಿಸುತ್ತಾರೆ. ಜಿಂಕೆಯ ಬೇಟೆ ಶುರುವಾಗುವುದು ನವೆಂಬರ್ ೨೫, ಶನಿವಾರ. ಅಷ್ಟರೊಳಗೆ ಅಭ್ಯಾಸಕ್ಕೂ ಬೇಟೆಗೂ ಸೇರಿ ನೂರು ತೋಟಾ ಸಿದ್ಧವಾಗಬೇಕು. ಮುದುಕನ ಬೆರಳ ಗಂಟುಗಳು ಊದಿಕೊಂಡಿದ್ದವು. ಮದ್ದು ತುಂಬುವುದು ತನ್ನ ಕೆಲಸ, ಆಗ ಆ ಕೋಣೆಯಲ್ಲಿ ಇನ್ನೊಬ್ಬರು ಇರಕೂಡದು, ಮಾತೂ ಕೂಡದು. ಚಿಪ್ಪು ಸಿದ್ಧಮಾಡುವುದು ನನ್ನದು. ಹೀಗೆ ಕರಾರಾಯಿತು.

ಮೊದಲ ತಪ್ಪು ಅಂಟಿಕೊಂಡದ್ದು ಜಿಡ್ಡಿನಿಂದ. ಕಡಿಮೆಯಾದರೆ ಕಷ್ಟವೆಂದು ನಾನು ಧಾರಾಳವಾಗಿ, ಹೋಳಿಗೆಗೆ ತುಪ್ಪ ಸವರಿದಂತೆ ಸವರಿದೆ. ಹೊರಬಂದ ಚಿಪ್ಪುಗಳ ಹೆಗಲ ಮೇಲೆಲ್ಲ ಹೆಬ್ಬೆರಳು ಒತ್ತಿದಂಥ ಕುಳಿಗಳು! ಎಣ್ಣೆಗೆ ಡೈಯೊಳಗೆ ಹೋಗಲು ದಾರಿಯಿಲ್ಲ. ಅದನ್ನು ಹಿಸುಕುವುದೂ ಆಗದು. ಅದು ಹಿತ್ತಾಳೆಯನ್ನೇ ಒಳಕ್ಕೆ ತಳ್ಳುತ್ತದೆ. ಕುಳಿ ಸಣ್ಣದಾದರೆ ಚಿಂತೆಯಿಲ್ಲ, ಮುಂದಿನ ಸಲ ಸಿಡಿದಾಗ ಒಳಗಿನ ಒತ್ತಡವೇ ಇಸ್ತ್ರಿ ಮಾಡುತ್ತದೆ. ಮಡಿಕೆಬಿದ್ದು ಚೂಪಾಗಿದ್ದರೆ ಎಸೆ ಎಂದು ಮುದುಕ ಹೇಳಿದ. ಡೈಯನ್ನು ಬಿಚ್ಚಿ ಒರಸಿದೆ.

ಈ ಜಿಡ್ಡಿನ ಕೈಯಲ್ಲಿ ಮನೆಗೆ ಬಂದದ್ದೇ ಇನ್ನೊಂದು ಪ್ರಕರಣ. “ಅದು ಯಾವ ಕೊಬ್ಬು?” ಎಂದು ನನ್ನಾಕೆ ಅಡುಗೆಮನೆಯ ಹೊಸಿಲಲ್ಲೇ ತಡೆದಳು. ತೋಟಾದ ಕೊಬ್ಬಿನ ಪ್ರಶ್ನೆ ನಮ್ಮ ದೇಶಕ್ಕೆ ಹೊಸದಲ್ಲ. ೧೮೫೭ರಲ್ಲಿ ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಕಾಗದದ ತೋಟಾಕ್ಕೆ ದನದ್ದೂ ಹಂದಿಯದ್ದೂ ಸವರಿದ್ದಾರೆಂಬ ಸುದ್ದಿಗೆ ಸಿಪಾಯಿಗಳು ಸಿಡಿದೆದ್ದರು; ಅದೇ ವರ್ಷ ಆಯುಧ ಒಪ್ಪಿಸಿರೆಂಬ ಆಜ್ಞೆಗೆ ನಮ್ಮ ಹಲಗಲಿಯ ಬೇಡರು ತಿರುಗಿ ನಿಂತರು. ಇದು ಲ್ಯಾನೊಲಿನ್, ಕುರಿಯ ಉಣ್ಣೆಯಿಂದ ತೆಗೆಯುವ ಜಿಡ್ಡು ಎಂದು ವಿವರಿಸಿದೆ. ಧಾಬಳಿ ಮಡಿಗೆ ಸಲ್ಲುವುದಾದರೆ ಧಾಬಳಿಯ ಜಿಡ್ಡೂ ಸಲ್ಲಬೇಕಲ್ಲವೆ? ಆಕೆ ಈ ತರ್ಕವನ್ನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ, ಸೋಪು ತೋರಿಸಿದಳು.

ಆಮೇಲೆ ಆಕೆಯೇ ಈ ಕೆಲಸದೊಳಗೆ ಬಂದದ್ದು ಬೇರೆ ಮಾತು. ಮಸುಕಾದ ಚಿಪ್ಪುಗಳನ್ನು ಬೆಳಗಲು ನಾನು ಮಗಳ ಮನೆಯಲ್ಲಿದ್ದ ಪಾಲಿಷ್ ದ್ರವ ಒಯ್ದಿದ್ದೆ. ಮುದುಕ ಮೂಸಿ ನೋಡಿ ದೂರ ಇಟ್ಟ: ಅಮೋನಿಯಾ! ನನಗೆ ಆಗಲೇ ನಾಚಿಕೆಯಾಯಿತು, ಏಕೆಂದರೆ ಈ ಪಾಠ ನಾನು ಎಳೆಯಂದೇ ಓದಿದ್ದೆ. ಬ್ರಿಟಿಷರ ಸೈನ್ಯ ಹಿಂದೂಸ್ಥಾನದಲ್ಲಿ ಮಳೆಗಾಲದ ಹೊತ್ತಿಗೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಕೆಲವು ಕಾಲದಲ್ಲಿ ಒಳ್ಳೆಯ ಹಿತ್ತಾಳೆ ತಾನಾಗಿಯೇ ಬಿರುಕು ಬಿಡುತ್ತಿತ್ತು. ಕಾರಣ ಕುದುರೆಯ ಮೂತ್ರದಿಂದೇಳುವ ಅಮೋನಿಯಾ, ಹಿತ್ತಾಳೆಯೊಳಗೆ ಉಳಿದುಕೊಂಡ ಬಿಗಿತ, ತೇವದ ಗಾಳಿ, ಈ ಮೂರರ ಕೂಟವೆಂದು ೧೯೨೧ರಲ್ಲಿ ಇಂಗ್ಲೆಂಡಿನ ಲೋಹಶಾಸ್ತ್ರಜ್ಞರು ವಿವರಿಸಿದರು. ನಮ್ಮದೇ ಮಳೆ, ನಮ್ಮದೇ ಲಾಯ ಕಲಿಸಿದ ಪಾಠವನ್ನು ಪೆನ್ಸಿಲ್ವೇನಿಯಾದವನ ಬಾಯಿಂದ ಕೇಳಬೇಕಾಯಿತು. ಪೆಚ್ಚಾಗಿ ಮನೆಗೆ ಬಂದರೆ ನನ್ನಾಕೆ ಸಮಾಚಾರ ಕೇಳಿ, “ಹಿತ್ತಾಳೆಗೆ ಹುಣಸೆಹಣ್ಣು ಅಂತ ಹುಟ್ಟಿದ ಮಗುವಿಗೂ ಗೊತ್ತು” ಎಂದಳು. ಇಪ್ಪತ್ತು ಚಿಪ್ಪನ್ನು ಹುಣಸೆಯ ನೀರಿನಲ್ಲಿ ಐದು ನಿಮಿಷ ಕುಲುಕಿ, ಮೂರು ಸಲ ನೀರಿನಲ್ಲಿ ಜಾಲಿಸಿ, ಹಳೆಯ ಪಂಚೆಯ ಮೇಲೆ ಸಂಡಿಗೆ ಇಟ್ಟಂತೆ ಬಿಸಿಲಿಗೆ ಹರಡಿದೆವು. ದೀಪಾವಳಿಯ ಚೆಂಬುಗಳಂತೆ ಹೊಳೆದವು. ಆ ಮುದುಕ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅಲ್ಲಿಯವರು ಇದಕ್ಕೆ ಸಿಟ್ರಿಕ್ ಆಮ್ಲ ಬಳಸುತ್ತಾರಂತೆ, ಹುಳಿ ಹುಳಿಯೇ. ಹೆಚ್ಚು ಹೊತ್ತು ನೆನೆಸಿದರೆ ಸತು ಕರಗಿ ಮೈ ಕೆಂಪಾಗುತ್ತದೆ, ಅಷ್ಟು ಎಚ್ಚರ ಬೇಕು.

ಇನ್ನು ಉದ್ದದ ವಿಷಯ. ಈ ಚಿಪ್ಪು ೨.೪೯೪ ಅಂಗುಲ ಮೀರಬಾರದು, ಕತ್ತರಿಸಿದರೆ ೨.೪೮೪ಕ್ಕೆ ನಿಲ್ಲಿಸಬೇಕು. ಮೀರಿದರೆ ಬಾಯಿಯ ಅಂಚು ಕೋವಿಯ ಕೊರಳಿಗೆ ಸಿಕ್ಕಿ ಗುಂಡನ್ನು ಬಿಗಿಯಾಗಿ ಹಿಡಿದು ಒತ್ತಡವನ್ನು ಏರಿಸಿಬಿಡುತ್ತದೆ. ನಾನು ನಾಲ್ಕೈದನ್ನು ಗಿಡ್ಡ ಕತ್ತರಿಸಿದೆ. ಕ್ಷೌರಿಕನಂತೆ, “ಬೆಳೆಯುತ್ತದೆ ಬಿಡು” ಎಂದ ಮುದುಕ. ನಿಜವಾಗಿಯೂ ಬೆಳೆಯುತ್ತದೆ, ಒಂದೊಂದು ಸಿಡಿತಕ್ಕೂ ಹಿತ್ತಾಳೆ ಮುಂದಕ್ಕೆ ಹರಿಯುತ್ತದೆ. ಅಂಚನ್ನು ಒಮ್ಮೆ ಕತ್ತಿಯ ಬಾಯಂತೆ ಚೂಪು ಮಾಡಿದೆ, ಅದೂ ತಪ್ಪು. ಇಂಥವೆಲ್ಲ ಕ್ಷಮಿಸಬಹುದಾದ ತಪ್ಪುಗಳು.

ನನ್ನ ವಿಜಯದ ದಿನ ಬಂದದ್ದು ನವೆಂಬರಿನ ಎರಡನೆಯ ವಾರ. ಜಿಡ್ಡಿನ ಅನುಭವದಿಂದ ಬುದ್ಧಿ ಕಲಿತು ಈಗ ಕಡಿಮೆ ಸವರತೊಡಗಿದ್ದೆ. ಒಂದು ಚಿಪ್ಪು ಡೈಯೊಳಗೆ ಹೋಗಿ ಕಚ್ಚಿಕೊಂಡು ಕೂತಿತು. ಸನ್ನೆ ಎಳೆದರೆ ಬುಡದ ಅಂಚು ಕಿತ್ತು ಬಂತು, ಚಿಪ್ಪು ಬರಲಿಲ್ಲ. ಮುದುಕ ತಲೆಯ ಮೇಲೆ ಕೈಹೊತ್ತು ಕೂತ. ನಾನು ಅಂಗಿಯ ತೋಳು ಮಡಿಸಿದೆ. ಡೈಯನ್ನು ಪ್ರೆಸ್ಸಿನಿಂದ ಬಿಚ್ಚಿ, ಒಳಗಿನ ಕಡ್ಡಿಯನ್ನು ಸಾಧ್ಯವಾದಷ್ಟು ಮೇಲಕ್ಕೆ ತಿರುಗಿಸಿ, ಚಿಪ್ಪಿನ ಬುಡದ ತೂತನ್ನು ಡ್ರಿಲ್ಲಿನಿಂದ ಹಿಗ್ಗಿಸಿ, ಕಾಲಂಗುಲದ ಟ್ಯಾಪಿನಿಂದ ಅದಕ್ಕೆ ಥ್ರೆಡ್ಡು ಕೊರೆದೆ. ಟ್ಯಾಪು ಮುಕ್ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆ ಲಯ ನನ್ನ ಮಣಿಕಟ್ಟಿನಲ್ಲಿ ಇನ್ನೂ ಇತ್ತು. ಒಂದು ದಪ್ಪ ಉಂಗುರವನ್ನು ಅಡ್ಡ ಇಟ್ಟು ಬೋಲ್ಟು ತಿರುಗಿಸಿದೆ. ಬೋಲ್ಟು ಬಿಗಿಯಾದಂತೆಲ್ಲ ಚಿಪ್ಪು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿದು, ಕೊನೆಗೆ ಬಾಟಲಿಯ ಬಿರಟೆಯಂತೆ ‘ಟಪ್’ ಎಂದು ಹೊರಬಂತು. ಡೈಗೆ ಒಂದು ಗೀರೂ ಇಲ್ಲ. ಮುದುಕ ಎದ್ದು ನನ್ನ ಕೈಕುಲುಕಿ, ‘ಮಾಸ್ಟರ್’ ಎಂದ. ನಿವೃತ್ತನಾಗಿ ಹನ್ನೊಂದು ವರ್ಷವಾದ ಮೇಲೆ ಒಬ್ಬ ಮನುಷ್ಯನನ್ನು ಆ ಹೆಸರಿನಿಂದ ಕರೆದರೆ ಏನಾಗುತ್ತದೆಂಬುದನ್ನು ನಿವೃತ್ತರಾದ ವಾಚಕರೇ ಬಲ್ಲರು.

ಡೈಯನ್ನು ನಾನೇ ಮತ್ತೆ ಪ್ರೆಸ್ಸಿಗೆ ಕೂಡಿಸಿದೆ. ಹಿಂದಿನ ಗುರುತಿಗೆ ತಂದೆ. ಗುರುತನ್ನು ಹಿಡಿದು ನಿಲ್ಲಿಸುವ ಉಂಗುರಕ್ಕೆ ಒಂದು ಪುಟ್ಟ ತಿರುಪು ಇದೆ, ಅದನ್ನು ಬಿಗಿಯಲಿಲ್ಲ. ಹೊಗಳಿಕೆ ಕೇಳುತ್ತಿದ್ದೆನಲ್ಲ.

ಆ ಮಧ್ಯಾಹ್ನ ಎಪ್ಪತ್ತೆರಡು ಚಿಪ್ಪುಗಳನ್ನು ಒತ್ತಿದೆ. ಸುಮಾರು ಹತ್ತಾದ ಮೇಲೆ ಸನ್ನೆಯ ಕೊನೆಯಲ್ಲಿ ‘ಟಕ್’ ಎಂದು ಒಂದು ಸಣ್ಣ ತಾಗು ಕೈಗೆ ತಿಳಿಯಿತು. ಮೊದಲು ಅದು ಇರಲಿಲ್ಲ. ಕೈಗೆ ತಿಳಿಯಿತು ಎಂದೆ. ಕೈ ತಲೆಗೆ ಹೇಳಿತು. ತಲೆ ಕೇಳಿಸಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿಸಿಕೊಂಡು ಸುಮ್ಮನಾಯಿತು. ಈಗತಾನೆ ಮಾಸ್ಟರ್ ಎನ್ನಿಸಿಕೊಂಡವನು ‘ತಡಿ, ಎಲ್ಲೋ ತಪ್ಪಾಗಿದೆ’ ಎನ್ನುವುದು ಹೇಗೆ? ಪ್ರೆಸ್ಸು ಸ್ವಲ್ಪ ಸಡಿಲವಾಗಿರಬೇಕು ಎಂದುಕೊಂಡೆ. ಎಪ್ಪತ್ತೆರಡನ್ನೂ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟು ಮನೆಗೆ ಬಂದು ಬಿಸಿಬೇಳೆಹುಳಿಯನ್ನ ಉಂಡೆ.

ರಾತ್ರಿ ಒಂದೂವರೆಗೆ ಎಚ್ಚರವಾಯಿತು. ಆ ಡೈಯ ಥ್ರೆಡ್ಡು ಅಂಗುಲಕ್ಕೆ ೧೪. ಒಂದು ಸುತ್ತಿಗೆ ೭೧ ಥೌ. ಅಂದರೆ ಅಂಗುಲದ ಸಾವಿರ ಭಾಗಗಳಲ್ಲಿ ೭೧. ನಮ್ಮ ಕಾರ್ಖಾನೆಯಲ್ಲಿ ಹಾಗೆಯೇ ಅನ್ನುತ್ತಿದ್ದೆವು, ಥೌ. ಉಂಗುರ ಸಡಿಲವಾಗಿ ಡೈ ಎಂಟನೆಯ ಒಂದು ಸುತ್ತು ಕೆಳಗಿಳಿದರೂ ೯ ಥೌ. ಚಿಪ್ಪಿನ ಹೆಗಲನ್ನು ೨ ಥೌ ಹಿಂದಕ್ಕೆ ಒತ್ತಬೇಕಾದ ಕಡೆ ನಾನು ಎಷ್ಟು ಒತ್ತಿದ್ದೇನೆ? ಕತ್ತಲಲ್ಲಿ ಹಾಸಿಗೆಯಲ್ಲಿ ಕೂತು ಬೆರಳೆಣಿಸುತ್ತಿದ್ದ ನನ್ನನ್ನು ನೋಡಿ ನನ್ನಾಕೆ, “ಜಪವೇ?” ಎಂದಳು.

ಹೆಗಲು ಹೆಚ್ಚು ಹಿಂದಕ್ಕೆ ಹೋದರೆ ಏನಾಗುತ್ತದೆಂಬುದು ನನಗೆ ಗೊತ್ತಿತ್ತು. ಕೋವಿಯ ಗೂಡಿನಲ್ಲಿ ಚಿಪ್ಪು ಸಡಿಲ. ಸೂಜಿ ಬಡಿದಾಗ ಅದು ಮುಂದಕ್ಕೆ ಸರಿಯುತ್ತದೆ. ಒತ್ತಡ ಏರಿದೊಡನೆ ತೆಳುವಾದ ಮುಂಭಾಗ ಗೋಡೆಗೆ ಕಚ್ಚಿ ನಿಂತುಬಿಡುತ್ತದೆ. ದಪ್ಪನಾದ ಬುಡ ಹಿಂದಕ್ಕೆ ಚಿಮ್ಮಿ ಬೋಲ್ಟಿಗೆ ಒರಗುತ್ತದೆ. ನಡುವೆ, ಬುಡದಿಂದ ಸ್ವಲ್ಪ ಮೇಲೆ, ಹಿತ್ತಾಳೆ ಹಿಗ್ಗಿ ಸಣಕಲಾಗುತ್ತದೆ, ಒಳಗೆ ಬಳೆಯಂಥ ಒಂದು ತೋಡು. ಹೊಸ ಚಿಪ್ಪಾದರೆ ಒಂದೆರಡು ಸಲ ತಡೆದೀತು. ಇವು ಆಗಲೇ ನಾಲ್ಕೈದು ಸಲ ಸಿಡಿದವು. ತುಂಡಾದರೆ ಅರವತ್ತು ಸಾವಿರ ಪೌಂಡಿನ ಬೆಂಕಿಗಾಳಿ ಹಿಂದಕ್ಕೆ ದಾರಿ ಹುಡುಕುತ್ತದೆ. ಕೋವಿಯ ಹಿಂದೆ ನಾಲ್ಕಂಗುಲದಲ್ಲಿ ಇರುವುದು ಹನ್ನೆರಡು ವರ್ಷದ ಹುಡುಗನ ಕೆನ್ನೆ. ಮೊಳೆಯಲ್ಲಿ ತೂಗುತ್ತಿದ್ದ ಎರಡು ತುಂಡಿನ ಚಿಪ್ಪು ಅಲಂಕಾರವಲ್ಲವೆಂದು ಆಗ ಹೊಳೆಯಿತು.

ಬೆಳಕು ಹರಿಯುವುದನ್ನು ಕಾದಿದ್ದು, ಮಂಜು ಬಿದ್ದ ಹುಲ್ಲಿನ ಮೇಲೆ ಚಪ್ಪಲಿಯಲ್ಲೇ ಹೋಗಿ ಬಾಗಿಲು ಬಡಿದೆ. ಮುದುಕ ಕಾಫಿಯ ಲೋಟ ಹಿಡಿದು ಬಂದ. ನಾನು ಇಂಗ್ಲಿಷಿನಲ್ಲಿ ಕಟ್ಟಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋದವು. “ಉಂಗುರ ಬಿಗಿಯಲಿಲ್ಲ. ಹತ್ತನೆಯದರಲ್ಲೇ ತಿಳಿಯಿತು. ಹೇಳಲಿಲ್ಲ” ಎಂದಷ್ಟೇ ಹೇಳಿದೆ.

ಆತ ಏನೂ ಅನ್ನಲಿಲ್ಲ. ಕೆಳಗಿಳಿದು ಅಳತೆಯ ಗೇಜು ತೆಗೆದ. ೮ ಥೌ. ಇನ್ನೊಂದು: ೮. ಇನ್ನೊಂದು: ೭. ಕಾಗದ ಕಚ್ಚುವ ಒಂದು ತಂತಿಯನ್ನು ನೆಟ್ಟಗೆ ಮಾಡಿ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ನನ್ನ ಕೈಗೆ ಕೊಟ್ಟ. ಅದನ್ನು ಚಿಪ್ಪಿನೊಳಗೆ ತಳ ಮುಟ್ಟಿಸಿ ಗೋಡೆಗೆ ಒತ್ತಿ ಮೇಲಕ್ಕೆ ಎಳೆಯಬೇಕು. ತೋಡಿದ್ದರೆ ತುದಿ ತಡೆಯುತ್ತದೆ. ಆರನೆಯ ಚಿಪ್ಪಿನಲ್ಲಿ ತಡೆಯಿತು. ಹಳೆಯ ಸಿಡಿತಗಳ ಗಾಯ ಅದು, ನನ್ನದಲ್ಲ. ಆದರೆ ನಾನು ಒತ್ತಿಟ್ಟಂತೆ ಅದನ್ನು ಮತ್ತೊಮ್ಮೆ ಸಿಡಿಸಿದ್ದರೆ?

ಸರಿಪಡಿಸುವ ದಾರಿ ಇಲ್ಲದಿಲ್ಲ. ಕೊರಳನ್ನು ದೊಡ್ಡ ಅಳತೆಗೆ ಹಿಗ್ಗಿಸಿ, ಮತ್ತೆ ಸ್ವಲ್ಪಸ್ವಲ್ಪವಾಗಿ ಕುಗ್ಗಿಸಿ, ಗೂಡಿಗೆ ಬಿಗಿಯಾಗಿ ಕೂಡುವಂತೆ ಎರಡನೆಯ ಹೆಗಲೊಂದನ್ನು ಹುಟ್ಟಿಸಬಹುದು. ಹದವಾದ ಸಿಡಿತಕ್ಕೆ ಅದು ನೆಟ್ಟಗಾಗುತ್ತದೆ. ಉಳಿಸಬೇಕೆಂಬ ಲೋಭದಿಂದ ನಾನೇ ಆ ಮಾತು ಎತ್ತಿದೆ. ಹೊಸ ಹಿತ್ತಾಳೆಯಾದರೆ ಮಾಡುತ್ತಿದ್ದೆ ಎಂದ ಮುದುಕ. ಎರಡು ಇಕ್ಕಳ ತಂದ; ಒಂದನ್ನು ನನಗೆ ಕೊಟ್ಟ. ಎದುರುಬದುರು ಕೂತು ಎಪ್ಪತ್ತೆರಡರ ಬಾಯನ್ನೂ ಒಂದೊಂದಾಗಿ ಹಿಸುಕಿ ಚಪ್ಪಟೆ ಮಾಡಿ ಬಕೆಟ್ಟಿಗೆ ಹಾಕಿದೆವು. ಹಾಗೆ ಮಾಡದಿದ್ದರೆ ನಾಳೆ ಯಾರೋ ಆಯ್ದುಕೊಂಡು ತುಂಬಿಯಾರು. ಕೆಲಸದ ನಡುವೆ ಆತ ಮೊಳೆಯ ಕಡೆ ಗದ್ದ ಎತ್ತಿ, ತನಗೆ ಮೂವತ್ತೈದಾಗಿದ್ದಾಗಿನ ಮಾತು ಅದು, ಆ ದಿನ ಕನ್ನಡಕ ಹಾಕಿದ್ದೆ ಎಂದ. ಅಷ್ಟೇ. ಬೈದಿದ್ದರೆ ಮೇಲಿತ್ತು. ನಮ್ಮ ಟೂಲ್‌ರೂಮಿನಲ್ಲಾಗಿದ್ದರೆ ನಾನು ಬೈಯುತ್ತಿದ್ದೆ. ಬೈದಿದ್ದೇನೆ, ಎಷ್ಟು ಎಳೆಯ ಹುಡುಗರನ್ನು, ಇದಕ್ಕಿಂತ ಸಣ್ಣ ತಪ್ಪಿಗೆ.

ಅದೇ ವಾರ ಆತ ನಲವತ್ತು ಹೊಸ ಚಿಪ್ಪು ತಂದ. “ಕೂಡಿಸು, ಮಾಸ್ಟರ್” ಎಂದು ಡೈಯನ್ನು ನನ್ನ ಕಡೆ ಸರಿಸಿದ. ಅದರಲ್ಲಿ ವ್ಯಂಗ್ಯವಿತ್ತೆ ಎಂದು ಮುಖ ನೋಡಿದೆ, ತಿಳಿಯಲಿಲ್ಲ. ಉಂಗುರದ ತಿರುಪನ್ನು ಬಿಗಿದೆ. ಹತ್ತಕ್ಕೊಂದನ್ನು ಅಳೆದೆ, ಆಮೇಲೆ ಐದಕ್ಕೊಂದು, ಕೊನೆಗೆ ಎಲ್ಲವನ್ನೂ.

೨೫ರ ಬೆಳಗಿನ ಜಾವ ಅಜ್ಜ, ಮೊಮ್ಮಗ ಇಬ್ಬರೂ ಕೇಸರಿ ಹೊಳಪಿನ ಅಂಗಿ ತೊಟ್ಟು ಗಾಡಿ ಹತ್ತಿದರು. ನಾನು ಜೀವಮಾನದಲ್ಲಿ ಮಾಂಸ ತಿಂದವನಲ್ಲ. ಜಿಂಕೆಯ ಸಾವು ಬಯಸುವುದು ಹೇಗೆ? ಹುಡುಗನ ಮೊದಲ ಬೇಟೆ ಕೆಡಲೆಂದು ಬಯಸುವುದಾದರೂ ಹೇಗೆ? ಬೆಟ್ಟದ ಕಡೆಯಿಂದ ಏಳು ಗಂಟೆಯ ಸುಮಾರಿಗೆ ಸದ್ದುಗಳು ಶುರುವಾದವು. ಒಂದೊಂದಕ್ಕೂ ನನ್ನ ಕೈಯ ಲೋಟ ಅಲುಗುತ್ತಿತ್ತು. “ಅಷ್ಟು ಭಯವಿದ್ದರೆ ತೋಟದ ಕೆಲಸವನ್ನೇ ಮಾಡಬಹುದಿತ್ತು” ಎಂದಳು ನನ್ನಾಕೆ, ದೀರ್ಘವನ್ನು ಬೇಕೆಂದೇ ತಪ್ಪಿಸಿ.

ಸಂಜೆ ಹುಡುಗ ಬೇಲಿಯ ಹತ್ತಿರ ಬಂದ. ಕೆನ್ನೆ ಚಳಿಗೆ ಕೆಂಪಾಗಿತ್ತು, ಬೇರೇನೂ ಆಗಿರಲಿಲ್ಲ. ಒಂದೇ ಗುಂಡು ಹಾರಿಸಿದನಂತೆ, ತಪ್ಪಿತಂತೆ, ಜಿಂಕೆ ನಿಂತು ಇವನನ್ನು ನೋಡಿ ಹೋಯಿತಂತೆ. ಜೇಬಿನಿಂದ ಖಾಲಿ ಚಿಪ್ಪು ತೆಗೆದು, ಅಜ್ಜ ಇದನ್ನು ನಿಮಗೆ ಕೊಡಲು ಹೇಳಿದ ಎಂದ. ಅದರ ಬಾಯಿ ಹೊಗೆಗೆ ಕಪ್ಪಾಗಿತ್ತು. ಹುಡುಗ ಹೋದ ಮೇಲೆ ದೀಪದ ಕೆಳಗೆ ಕೂತು, ಬುಡದ ಮೇಲೆ ಹೊಳೆಯುವ ಗೆರೆ ಇದೆಯೇ ಎಂದು ಸುತ್ತ ನೋಡಿದೆ. ಆಮೇಲೆ ಕಿಸೆಯಿಂದ ಕೊಕ್ಕೆಯ ತಂತಿ ತೆಗೆದು ಒಳಗೆ ಬಿಟ್ಟು, ತಳದಿಂದ ಮೇಲಕ್ಕೆ ಮೆಲ್ಲಗೆ ಎಳೆದೆ. ಎಲ್ಲೂ ತಡೆಯಲಿಲ್ಲ. ಚಿಪ್ಪನ್ನು ಸ್ವಲ್ಪ ತಿರುಗಿಸಿ ಇನ್ನೊಂದು ಸಲ ಎಳೆದೆ.